ಲೇಖಕರಿಗಿಂತ ಮೊದಲು ಪುಸ್ತಕ ಊರಿಗೆ ಬರಲಿ

ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮ ಸೀಮೆಗೆ ಮೂರು ಸಲ ಬಂದಿದೆ. 1937ರಲ್ಲಿ ಜಮಖಂಡಿಯಲ್ಲಿ ನಡೆದಾಗ ಬೆಳ್ಳಾವೆ ವೆಂಕಟನಾರಣಪ್ಪನವರು ಅಧ್ಯಕ್ಷರು; ಊರು ಆಗಿನ್ನೂ ಪಟವರ್ಧನರ ಸಂಸ್ಥಾನ. 1944ರಲ್ಲಿ ರಬಕವಿಯಲ್ಲಿ ನಡೆದಾಗ ಶಿ.ಶಿ. ಬಸವನಾಳರು, 1995ರಲ್ಲಿ ಮುಧೋಳದಲ್ಲಿ ನಡೆದಾಗ ಎಚ್.ಎಲ್. ನಾಗೇಗೌಡರು ಅಧ್ಯಕ್ಷರು. ಕೊನೆಯ ಎರಡರ ನಡುವೆ 51 ವರ್ಷ. ಮುಂದಿನದಕ್ಕೆ ಹೀಗೇ ಕಾಯುತ್ತ ಕೂತರೆ ಇವತ್ತು ಹೈಸ್ಕೂಲಿನಲ್ಲಿ ಓದುವ ಹುಡುಗಿಗೆ ಅಷ್ಟರಲ್ಲಿ ಮೊಮ್ಮಕ್ಕಳಾಗಿರುತ್ತಾರೆ. ತಾನು ಓದಿದ ಕಥೆಯನ್ನು ಬರೆದವರನ್ನೇ ಎದುರಿಗೆ ಕೂರಿಸಿಕೊಂಡು, "ಆ ಮುದುಕಿ ಯಾಕ ಮನಿ ಬಿಟ್ಟು ಹೋದ್ಲು?" ಎಂದು ಕೇಳುವ ಅವಕಾಶ ಅವಳಿಗೆ ಅಷ್ಟು ದೂರದ್ದಾಗಬಾರದು.

ಅಂಥ ಮಾತುಕತೆಗೆ ಪೆಂಡಾಲು, ಮೆರವಣಿಗೆ, ಸ್ವಾಗತ ಸಮಿತಿ ಯಾವುದೂ ಬೇಕಿಲ್ಲ. ದಿನಾ ಬಾಗಿಲು ತೆರೆಯುವ ಒಂದು ಪುಸ್ತಕದಂಗಡಿ, ಪುಸ್ತಕ ಓದಿಕೊಂಡು ಬಂದ ಹದಿನೈದು-ಇಪ್ಪತ್ತು ಜನ, ಒಬ್ಬ ಲೇಖಕ ಅಥವಾ ಲೇಖಕಿ, ಎರಡು ತಾಸು ಸಮಯ ಇದ್ದರೆ ಸಾಕು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಓದುಗರು ಇದನ್ನು ತಮ್ಮೂರಿನ ಅಂಗಡಿಯಲ್ಲೇ ಹೇಗೆ ನಡೆಸಬಹುದು ಎಂಬ ವಿವರ ಇಲ್ಲಿದೆ.

ಪುಸ್ತಕದಂಗಡಿಯೇ ಸಾಹಿತ್ಯದ ಕಟ್ಟೆಯಾಗುವುದು ಕನ್ನಡಕ್ಕೆ ಹೊಸದಲ್ಲ. ಧಾರವಾಡದ ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ 'ಅಟ್ಟ' ಇದೆ. ಜಡಭರತರೆಂದು ಹೆಸರಾದ ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಸಂಸ್ಥೆ ಅದು. ಕೆಳಗಿನ ಪೇಟೆಯ ಗದ್ದಲ ಬಿಟ್ಟು ಮೆಟ್ಟಿಲು ಹತ್ತಿ ಮೇಲೆ ಹೋದರೆ ಪುಸ್ತಕಗಳ ನಡುವೆಯೇ ಕೂರುವ ಜಾಗ. ಬೇಂದ್ರೆ, ಕೀರ್ತಿನಾಥ ಕುರ್ತಕೋಟಿ, ಗಿರೀಶ ಕಾರ್ನಾಡರಂಥವರ ಮಾತು ಆ ಅಟ್ಟ ಕೇಳಿದೆ. ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಅಚ್ಚಾಗಿದ್ದೂ ಅಲ್ಲಿಂದಲೇ. ಪ್ಯಾರಿಸ್ಸಿನಲ್ಲಿ ಸಿಲ್ವಿಯಾ ಬೀಚ್ ಎಂಬ ಹೆಣ್ಣುಮಗಳು 1919ರಲ್ಲಿ ತೆರೆದ ಶೇಕ್ಸ್‌ಪಿಯರ್ ಆ್ಯಂಡ್ ಕಂಪನಿ ಎಂಬ ಸಣ್ಣ ಅಂಗಡಿಯ ಕಥೆಯೂ ಹೆಚ್ಚುಕಡಿಮೆ ಇದೇ. ಲೇಖಕರು ಅಲ್ಲಿ ಬಂದು ಕೂರುತ್ತಿದ್ದರು, ಓದುತ್ತಿದ್ದರು, ಜಗಳಾಡುತ್ತಿದ್ದರು. ಜೇಮ್ಸ್ ಜಾಯ್ಸ್‌ನ 'ಯೂಲಿಸಿಸ್' 1922ರಲ್ಲಿ ಹೊರಬಂದದ್ದು ಆ ಅಂಗಡಿಯ ಹೆಸರಿನಲ್ಲೇ. ಬೆಂಗಳೂರಿನಲ್ಲಿ ಗಾಂಧಿಬಜಾರಿನ ಅಂಕಿತ ಪುಸ್ತಕ, 2012ರಲ್ಲಿ ಶುರುವಾದ ಅಟ್ಟ ಗಲಾಟ್ಟಾ ಇವೆಲ್ಲ ಲೇಖಕರನ್ನೂ ಓದುಗರನ್ನೂ ಒಟ್ಟಿಗೆ ತರುವ ಕೆಲಸವನ್ನು ಪುಸ್ತಕ ಮಾರಾಟದ ಜತೆಗೇ ಮಾಡಿಕೊಂಡು ಬಂದಿವೆ.

ಈ ಅಂಗಡಿಗಳಿಗಿಂತ ಹಿಂದೆ ಗಳಗನಾಥರು ಇದ್ದರು. ವೆಂಕಟೇಶ ತಿರಕೋ ಕುಲಕರ್ಣಿ ಎಂಬ ಆ ಮಾಸ್ತರರು ತಾವೇ ಬರೆದ ಕಾದಂಬರಿಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮನೆಬಾಗಿಲಿಗೆ ಮಾರಿದರು. ಉತ್ತರ ಕರ್ನಾಟಕದ ಮನೆಗಳಲ್ಲಿ ಕನ್ನಡ ಓದು ಬೇರೂರಿದ್ದು ಅಂಥ ತಿರುಗಾಟದಿಂದ. ಲೇಖಕರು ಓದುಗರ ಬಾಗಿಲಿಗೆ ಬರುವ ಪದ್ಧತಿಗೆ ನಮ್ಮಲ್ಲಿ ಇವರಿಗಿಂತ ದೊಡ್ಡ ಹೆಸರು ಬೇಕಿಲ್ಲ.

ನಮ್ಮ ಅಂಗಡಿ

ನಮ್ಮ ಊರುಗಳ ಪುಸ್ತಕದಂಗಡಿ ಹೇಗಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಬಸ್ ಸ್ಟ್ಯಾಂಡಿನ ಹತ್ತಿರವೋ ಪೇಟೆಯ ಓಣಿಯಲ್ಲೋ ಹತ್ತು ಅಡಿ ಅಗಲದ ಮಳಿಗೆ. ಮುಂದೆ ನೋಟ್‌ಬುಕ್ಕು, ಪೆನ್ನು, ಕಂಪಾಸ್ ಡಬ್ಬಿ. ನಡುವೆ ಎಸ್ಸೆಸ್ಸೆಲ್ಸಿ, ಪಿಯುಸಿ ಗೈಡುಗಳು, ಪೊಲೀಸ್ ಮತ್ತು ಎಫ್‌ಡಿಎ ಪರೀಕ್ಷೆಯ ದಪ್ಪ ಪುಸ್ತಕಗಳು. ಪಂಚಾಂಗ, ವ್ರತಕಥೆ, ಸ್ತೋತ್ರದ ಸಣ್ಣ ಹೊತ್ತಿಗೆಗಳು ಒಂದು ಮೂಲೆಗೆ. ಕಥೆ, ಕಾದಂಬರಿ ಇದ್ದರೆ ಎಲ್ಲಕ್ಕಿಂತ ಮೇಲಿನ ಹಲಗೆಯಲ್ಲಿ, ಸ್ಟೂಲು ಹಾಕಿಕೊಂಡು ತೆಗೆಯುವಂತೆ. ಕೇಳಿದರೆ ಅಂಗಡಿಯವರು ಹೇಳುವ ಮಾತೂ ಒಂದೇ: "ಸಾಹಿತ್ಯದ್ದು ಯಾರ್ ತಗೋತಾರ್ರೀ ಸರ? ರೊಕ್ಕ ಹಾಕಿ ತರಸ್ತೀವಿ, ಧೂಳ ಹಿಡ್ದು ಕುಂಡ್ರತಾವು."

ಅವರ ಮಾತಿನಲ್ಲಿ ಸುಳ್ಳಿಲ್ಲ. ಜೂನ್ ತಿಂಗಳ ವ್ಯಾಪಾರದ ಮೇಲೆ ವರ್ಷ ದೂಡುವ ಅಂಗಡಿಯವರಿಗೆ ವರ್ಷಕ್ಕೆ ಎರಡು ಪ್ರತಿ ಹೋಗುವ ಕಾದಂಬರಿ ಭಾರವೇ. ಆದರೆ ಗಿರಾಕಿ ಇದ್ದಾರೆ ಎಂಬ ಭರವಸೆ ಮೊದಲೇ ಸಿಕ್ಕರೆ ಇದೇ ಅಂಗಡಿಯವರು ಇಪ್ಪತ್ತೈದು ಪ್ರತಿ ತರಿಸಲು ಹಿಂದೆ ಮುಂದೆ ನೋಡುವುದಿಲ್ಲ. ಆ ಭರವಸೆ ಕೊಡುವ ಕೆಲಸ ಓದುಗರದು. ನಾಲ್ಕು ಜನ ಸೇರಿ ಅಂಗಡಿಗೆ ಹೋಗಿ, "ಮುಂದಿನ ತಿಂಗಳು ಈ ಲೇಖಕರನ್ನು ಕರೆಸೋಣ, ಪುಸ್ತಕ ನೀವು ತರಿಸ್ರಿ, ಕೊಳ್ಳೋ ಜವಾಬ್ದಾರಿ ನಮ್ಮದು" ಎಂದು ಹೇಳುವುದೇ ಮೊದಲ ಹೆಜ್ಜೆ. ಸಮಿತಿ, ಪದಾಧಿಕಾರಿ, ನೋಂದಣಿ ಇವೆಲ್ಲ ಬೇಡ. ಎಷ್ಟೋ ಒಳ್ಳೆಯ ಓದುಗರ ಬಳಗಗಳು ಅಧ್ಯಕ್ಷಗಿರಿಯ ತಕರಾರಿನಲ್ಲೇ ಮುರಿದು ಬಿದ್ದಿವೆ.

ಒಂದು ತಿಂಗಳು ಮುಂಚೆ

ಈ ಲೇಖನದ ಮುಖ್ಯ ಮಾತು ಇದು: ಲೇಖಕರು ಬರುವ ದಿನಕ್ಕಿಂತ ಕನಿಷ್ಠ ಒಂದು ತಿಂಗಳು ಮೊದಲು ಅವರ ಪುಸ್ತಕ ಊರಿಗೆ ಬಂದಿರಬೇಕು, ಹತ್ತು-ಹದಿನೈದು ಮನೆಗಳಲ್ಲಿ ಓದಿ ಮುಗಿದಿರಬೇಕು. ನಾವು ಕಾಣುವ ಹೆಚ್ಚಿನ ಬಿಡುಗಡೆ ಸಮಾರಂಭಗಳಲ್ಲಿ ನಡೆಯುವುದು ಇದಕ್ಕೆ ಉಲ್ಟಾ. ಬಣ್ಣದ ಕಾಗದ ಬಿಚ್ಚಿ ಪುಸ್ತಕವನ್ನು ಎತ್ತಿ ಹಿಡಿಯುತ್ತಾರೆ. ಸಭೆಯಲ್ಲಿ ಒಬ್ಬರೂ ಅದನ್ನು ಓದಿರುವುದಿಲ್ಲ. ಏಳು ಜನ ವೇದಿಕೆಯ ಮೇಲೆ, ಎಲ್ಲರಿಗೂ ಶಾಲು, ಹಾರ, ಸ್ವಾಗತ, ಪ್ರಾಸ್ತಾವಿಕ, ವಂದನಾರ್ಪಣೆ. ಪುಸ್ತಕದ ಬಗ್ಗೆ ಮಾತಾಡುವ ಹೊತ್ತಿಗೆ ಜನ ಎದ್ದು ಹೊರಟಿರುತ್ತಾರೆ. ಲೇಖಕರು ಹಾರ ಹಿಡಿದುಕೊಂಡು ಊರಿಗೆ ಮರಳುತ್ತಾರೆ. ಯಾರೂ ಅವರಿಗೆ ಒಂದು ಪ್ರಶ್ನೆ ಕೇಳಿರುವುದಿಲ್ಲ.

ಪುಸ್ತಕ ತರಿಸುವುದು ಈಗ ಮೊದಲಿನಷ್ಟು ಕಷ್ಟವಲ್ಲ. ಪುಸ್ತಕದ ಒಳಪುಟದಲ್ಲಿ ಪ್ರಕಾಶಕರ ಫೋನ್ ನಂಬರ್ ಇರುತ್ತದೆ. ಅಂಗಡಿಯವರೇ ಫೋನ್ ಮಾಡಿ, ಎಷ್ಟು ಪ್ರತಿಗೆ ಎಷ್ಟು ಕಮಿಷನ್, ಉಳಿದ ಪ್ರತಿ ವಾಪಸ್ ತಗೋತೀರಾ ಎಂಬ ಎರಡೇ ಪ್ರಶ್ನೆ ಕೇಳಿದರೆ ವ್ಯವಹಾರ ಕುದುರುತ್ತದೆ. ವ್ಯಾಪಾರಿಗಳಿಗೆ ಸಿಗುವ ಕಮಿಷನ್ ಪ್ರಕಾಶಕರ ಮೇಲೆ, ಪ್ರತಿಗಳ ಸಂಖ್ಯೆಯ ಮೇಲೆ ಹೋಗುತ್ತದೆ, ಸಾಮಾನ್ಯವಾಗಿ ಶೇ. 25ರಿಂದ 40ರ ಆಸುಪಾಸು. ಲೆಕ್ಕ ಹೀಗಿರುತ್ತದೆ: 200 ರೂಪಾಯಿ ಬೆಲೆಯ ಪುಸ್ತಕದ 25 ಪ್ರತಿ ತರಿಸಿದರೆ ಮುಖಬೆಲೆ 5,000. ಶೇ. 30 ಕಮಿಷನ್ ಸಿಕ್ಕರೆ ಪ್ರಕಾಶಕರಿಗೆ ಕಟ್ಟುವುದು 3,500, ಅಂಗಡಿಗೆ ಉಳಿಯುವುದು 1,500. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಆ ಹದಿನೈದು ನೂರರಲ್ಲಿ ಪಾರ್ಸೆಲ್ ಖರ್ಚು, ಸಂಜೆಯ ಚಹಾ-ಚುರುಮುರಿ ಹೋದರೂ ಅಂಗಡಿಯವರ ಕೈಗೆ ನಾಲ್ಕು ಕಾಸು ಹತ್ತುತ್ತದೆ. ಹತ್ತಲೇಬೇಕು. ಅಂಗಡಿಗೆ ಲಾಭವಿಲ್ಲದ ಕಾರ್ಯಕ್ರಮ ಒಂದು ಸಲಕ್ಕೆ ನಿಲ್ಲುತ್ತದೆ. ಓದುಗರು ರಿಯಾಯಿತಿ ಕೇಳದೆ ಮುಖಬೆಲೆಗೇ ಕೊಳ್ಳುವುದು ಈ ಕಾರಣಕ್ಕೇ ಮುಖ್ಯ.

ಸಾಗಣೆಗೆ ಎರಡು ದಾರಿ. ಬೆಂಗಳೂರು, ಹುಬ್ಬಳ್ಳಿ, ಧಾರವಾಡದಿಂದ ಬರುವುದಾದರೆ ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲಿ 'ನಮ್ಮ ಕಾರ್ಗೋ' ಸೇವೆ 2021ರಿಂದ ಇದೆ. ನಿಮ್ಮ ಡಿಪೋದಲ್ಲಿ ವಿಚಾರಿಸಿ. ಅವಸರವಿಲ್ಲದಿದ್ದರೆ ಅಂಚೆ ಅಗ್ಗ. ಪುಸ್ತಕಗಳಿಗೆಂದೇ ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ 'ಜ್ಞಾನ ಪೋಸ್ಟ್' ಶುರು ಮಾಡಿದೆ. ಶುರುವಿನ ದರದಂತೆ 300 ಗ್ರಾಂ ತನಕ 20 ರೂಪಾಯಿ, ಗರಿಷ್ಠ ತೂಕ 5 ಕಿಲೋಗೆ 100 ರೂಪಾಯಿ, ತೆರಿಗೆ ಬೇರೆ. ನೂರೈವತ್ತು ಪುಟದ ಕಥಾಸಂಕಲನ ಸುಮಾರು 200 ಗ್ರಾಂ ತೂಗುತ್ತದೆ ಎಂದಿಟ್ಟುಕೊಂಡರೆ ಇಪ್ಪತ್ತಕ್ಕೂ ಹೆಚ್ಚು ಪ್ರತಿ ಒಂದೇ ಕಟ್ಟಿನಲ್ಲಿ ಬಂದುಬಿಡುತ್ತವೆ.

ಎಲ್ಲರೂ ಕೊಳ್ಳಲಾರರು ಎಂಬುದೂ ನಿಜ. ಎರಡು ಪ್ರತಿಯನ್ನು ಬಳಗದ ಖರ್ಚಿನಲ್ಲಿ ಕೊಂಡು ಅಂಗಡಿಯಲ್ಲೇ ಇಡಿ. ಹೆಸರು ಬರೆಸಿ ನಾಲ್ಕು ದಿನಕ್ಕೆ ಒಯ್ದು ಓದಿ ತಂದುಕೊಡಲಿ. ಊರಿನ ಸಾರ್ವಜನಿಕ ಗ್ರಂಥಾಲಯಕ್ಕೂ ಒಂದು ಪ್ರತಿ ಕೊಡಿ. ಇಡೀ ಪುಸ್ತಕ ಓದಲು ಪುರಸೊತ್ತಿಲ್ಲದವರಿಗೆ ಒಂದೇ ಕಥೆ ಗುರುತು ಮಾಡಿ ಕೊಡಿ. ಮೊದಲ ಸಲ ಮಾಡುವಾಗಂತೂ ಕಾದಂಬರಿಗಿಂತ ಕಥಾಸಂಕಲನವೇ ಮೇಲು. ಹದಿನೈದು ಪುಟದ ಒಂದು ಕಥೆಯನ್ನು ಮಗ್ಗದ ಕೆಲಸದವರೂ ಓದಿಕೊಂಡು ಬರಬಲ್ಲರು, ಕಾಲೇಜಿನ ಹುಡುಗರೂ ಬರಬಲ್ಲರು. ಬಾನು ಮುಷ್ತಾಕ್ ಅವರ ಕಥೆಗಳ ಅನುವಾದ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಸಣ್ಣಕಥೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಒಂದು ಕಥೆ ಓದಿ ಒಂದು ಸಂಜೆ ಮಾತಾಡುವುದು ಸಣ್ಣ ಕೆಲಸ ಎಂದು ಯಾರೂ ಭಾವಿಸಬೇಕಿಲ್ಲ.

ಯಾರನ್ನು ಕರೆಯುವುದು, ಹೇಗೆ ಕರೆಯುವುದು

ಬೆಂಗಳೂರಿನ ದೊಡ್ಡ ಹೆಸರಿನಿಂದ ಶುರು ಮಾಡಬೇಡಿ. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಧಾರವಾಡ, ಗದಗ ಇವೆಲ್ಲ ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರುವಷ್ಟು ಹತ್ತಿರ. ಅಲ್ಲೆಲ್ಲ ಒಳ್ಳೆಯ ಕಥೆಗಾರರು, ಕವಿಗಳು, ಅನುವಾದಕರು ಇದ್ದಾರೆ. ಹೊಸಬರಾದರೆ ಇನ್ನೂ ಒಳ್ಳೆಯದು. ಮೊದಲ ಪುಸ್ತಕ ಬಂದವರಿಗೆ ಅದನ್ನು ಓದಿದ ಹದಿನೈದು ಜನ ಒಟ್ಟಿಗೆ ಸಿಗುವುದು ಯಾವ ಪ್ರಶಸ್ತಿಗಿಂತ ಕಡಿಮೆಯಲ್ಲ.

ದೂರದವರನ್ನು ಕರೆಯಬೇಕೆಂದಿದ್ದರೆ ಅವರು ಈ ಕಡೆ ಬರುವ ದಿನ ಹುಡುಕಿ. 1890ರಲ್ಲಿ ಹುಟ್ಟಿದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಸದಾ ಉಪನ್ಯಾಸ, ದತ್ತಿ ಕಾರ್ಯಕ್ರಮ ನಡೆದೇ ಇರುತ್ತವೆ. ವಿಜಯಪುರ, ಬೆಳಗಾವಿಯ ವಿಶ್ವವಿದ್ಯಾಲಯಗಳಿಗೆ, ಜಮಖಂಡಿ-ಮುಧೋಳದ ಕಾಲೇಜುಗಳಿಗೆ ವಿಚಾರ ಸಂಕಿರಣಕ್ಕೆಂದು ಲೇಖಕರು ಬರುತ್ತಾರೆ. ಪತ್ರಿಕೆಗಳ ಸ್ಥಳೀಯ ಪುಟದಲ್ಲಿ 'ಇಂದಿನ ಕಾರ್ಯಕ್ರಮ' ನೋಡುವ ರೂಢಿ ಮಾಡಿಕೊಂಡರೆ, ಕಸಾಪ ತಾಲೂಕು ಘಟಕದವರ, ಕಾಲೇಜಿನ ಕನ್ನಡ ಮೇಷ್ಟ್ರ ಸಂಪರ್ಕ ಇಟ್ಟುಕೊಂಡರೆ ಇದೆಲ್ಲ ಮೊದಲೇ ತಿಳಿಯುತ್ತದೆ. ಸಂಕಿರಣ ಮುಗಿದ ಸಂಜೆ ನಿಮ್ಮ ಅಂಗಡಿಗೆ ಬಂದು ಹೋಗಲು ಹೆಚ್ಚಿನವರು ಒಪ್ಪುತ್ತಾರೆ. ಬೆಂಗಳೂರಿನಿಂದಲೇ ಬರುವವರಿಗೆ ಬಾಗಲಕೋಟೆ ತನಕ ರಾತ್ರಿ ರೈಲು ಇದೆ. ಅಲ್ಲಿಂದ ಬೀಳಗಿಗೋ ಮುಧೋಳಕ್ಕೋ ಕರೆತರಲು ಒಂದು ಗಾಡಿ ಹೊಂದಿಸಿದರಾಯಿತು.

ಆಹ್ವಾನದ ಪತ್ರದಲ್ಲಿ ಹೊಗಳಿಕೆ ಬೇಡ. ಹೀಗೆ ಬರೆದರೆ ಸಾಕು:

"ನಮಸ್ಕಾರ. ನಾವು ಬನಹಟ್ಟಿಯ ಓದುಗರು. ನಿಮ್ಮ ಕಥಾಸಂಕಲನ ಒಂದು ತಿಂಗಳಿಂದ ನಮ್ಮ ಊರಿನ ಅಂಗಡಿಯಲ್ಲಿದೆ, ಹದಿನೆಂಟು ಜನ ಓದಿದ್ದೇವೆ. ಎರಡನೆಯ ಕಥೆಯ ಬಗ್ಗೆ ನಮ್ಮಲ್ಲಿ ಒಮ್ಮತ ಆಗಿಲ್ಲ. ಒಂದು ಸಂಜೆ ಬಂದು ನಮ್ಮ ಜತೆ ಮಾತಾಡುತ್ತೀರಾ? ಹೋಗಿಬರುವ ಖರ್ಚು, ಊಟ, ವಸತಿ ನಮ್ಮದು. ಸನ್ಮಾನ, ಭಾಷಣ ಇರುವುದಿಲ್ಲ."

ಇಂಥ ಪತ್ರಕ್ಕೆ ಇಲ್ಲ ಎನ್ನುವ ಲೇಖಕರು ಅಪರೂಪ. ಖರ್ಚಿನ ಮಾತು ಬರೆದಮೇಲೆ ಅದನ್ನು ನಡೆಸಿಕೊಡಬೇಕು. ಇಪ್ಪತ್ತು ಜನ ನೂರು ನೂರು ರೂಪಾಯಿ ಹಾಕಿದರೆ ಹತ್ತಿರದ ಜಿಲ್ಲೆಯವರ ಬಸ್ಸು, ಊಟ ಆಗುತ್ತದೆ. ಲೇಖಕರು ತಮ್ಮ ಜೇಬಿನಿಂದ ಟಿಕೆಟ್ ತೆಗೆದುಕೊಂಡು ಬಂದು ಪುಸ್ತಕವನ್ನೂ ಪುಕ್ಕಟೆ ಹಂಚಿ ಹೋಗುವ ಪದ್ಧತಿ ನಮ್ಮಲ್ಲಿ ಬಹಳ ಕಾಲದಿಂದ ನಡೆದಿದೆ. ಅದು ನಿಲ್ಲಬೇಕು. ಹಾರ-ಶಾಲಿಗೆ ಕೊಡುವ ದುಡ್ಡಿನಲ್ಲಿ ಅವರ ಐದು ಪುಸ್ತಕ ಕೊಂಡು ಐದು ಶಾಲೆಗೆ ಕೊಟ್ಟರೆ ಅವರಿಗೆ ಅದಕ್ಕಿಂತ ದೊಡ್ಡ ಗೌರವ ಇಲ್ಲ.

ಆ ಸಂಜೆ

ಐದೂವರೆಗೆ ಶುರುವಾಗಿ ಏಳೂವರೆಗೆ ಮುಗಿಯಲಿ. ಹೆಣ್ಣುಮಕ್ಕಳು, ಹಳ್ಳಿಯಿಂದ ಬಸ್ಸಿಗೆ ಬಂದವರು ಮನೆ ಸೇರಬೇಕು. ಅಂಗಡಿಯ ಮುಂದಿನ ಗೈಡಿನ ರ‍್ಯಾಕುಗಳನ್ನು ಗೋಡೆಗೆ ಸರಿಸಿ ನೆಲಕ್ಕೆ ಜಮಖಾನೆ ಹಾಸಿ. ಹಿರಿಯರಿಗೆ ನಾಲ್ಕಾರು ಕುರ್ಚಿ. ಜಾಗ ಸಾಲದಿದ್ದರೆ ಅಂಗಡಿಯ ಮಾಳಿಗೆಯ ಮೇಲೆ, ಇಲ್ಲವೇ ಹತ್ತಿರದ ಗುಡಿಯ ಕಟ್ಟೆಯ ಮೇಲೆ ಕೂರಬಹುದು. ಮೈಕು ಬೇಡ. ಮೈಕು ಕೈಗೆ ಬಂದ ಕೂಡಲೇ ಮಾತು ಭಾಷಣವಾಗುತ್ತದೆ. ವೇದಿಕೆಯೂ ಬೇಡ, ಲೇಖಕರು ಎಲ್ಲರ ಸುತ್ತಿನಲ್ಲೇ ಕೂರಲಿ. ರಬಕವಿ-ಬನಹಟ್ಟಿಯಲ್ಲಿ ಪವರ್‌ಲೂಮ್ ಸದ್ದು ಓಣಿ ಓಣಿಗೂ ಇರುವುದರಿಂದ ಮಗ್ಗಕ್ಕೆ ವಾರದ ರಜೆಯ ದಿನ ಆರಿಸಿಕೊಳ್ಳಿ. ನೇಕಾರರು ಬರಲಿಕ್ಕೂ ಅದೇ ಅನುಕೂಲ.

ಶುರುವಿಗೆ ಲೇಖಕರೇ ತಮ್ಮ ಪುಸ್ತಕದಿಂದ ಎರಡು ಪುಟ ಓದಲಿ. ಬರೆದವರ ದನಿಯಲ್ಲಿ ಕಥೆ ಕೇಳಿದಾಗ ವಾಕ್ಯ ಎಲ್ಲಿ ತಿರುಗುತ್ತದೆ, ಎಲ್ಲಿ ಉಸಿರು ನಿಲ್ಲುತ್ತದೆ ಎಂಬುದು ಕಿವಿಗೆ ಬೀಳುತ್ತದೆ. ಆಮೇಲೆ ಬಳಗದ ಒಬ್ಬರು ಮಾತನ್ನು ನಡೆಸಿಕೊಂಡು ಹೋಗಲಿ. ಇವರನ್ನು ಆರಿಸುವಾಗ ಊರಿನ ದೊಡ್ಡ ಮನುಷ್ಯರು ಯಾರು ಎಂದು ನೋಡಬೇಡಿ. ಪುಸ್ತಕವನ್ನು ಎರಡು ಸಲ ಓದಿದವರು ಯಾರು ಎಂದು ನೋಡಿ. ಐದು ಪ್ರಶ್ನೆ ಬರೆದಿಟ್ಟುಕೊಂಡರೆ ಸಾಕು.

ಪ್ರಶ್ನೆ ಪುಸ್ತಕದ ಒಳಗಿನಿಂದ ಬರಲಿ. "ನಿಮಗೆ ಸ್ಫೂರ್ತಿ ಯಾರು?" ಎಂಬ ಪ್ರಶ್ನೆಗೆ ಅವರು ನೂರು ಸಲ ಉತ್ತರ ಕೊಟ್ಟಿರುತ್ತಾರೆ. ಅದರ ಬದಲು "ಇಪ್ಪತ್ತನೆಯ ಪುಟದಲ್ಲಿ ಅಪ್ಪ ಹೊಲ ಮಾರಿದ ಸುದ್ದಿಯನ್ನು ಮಗನಿಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿ. "ನಮ್ಮಲ್ಲಿ ಕಬ್ಬಿನ ಬಿಲ್ಲು ಹೀಗೆ ಬರುವುದಿಲ್ಲ, ನೀವು ಬರೆದದ್ದು ಸರಿಯೇ?" ಎಂದು ರೈತರೊಬ್ಬರು ಕೇಳಿದರೆ ಲೇಖಕರಿಗೆ ಯಾವ ವಿಮರ್ಶಕರಿಂದಲೂ ಸಿಗದ ಮಾತು ಸಿಕ್ಕಂತೆ. ಕೃಷ್ಣೆ ಮತ್ತು ಘಟಪ್ರಭೆಯ ಹಿನ್ನೀರಿಗೆ ಊರು ಕಳೆದುಕೊಂಡು ಪುನರ್ವಸತಿ ಕೇಂದ್ರಕ್ಕೆ ಬಂದ ಬೀಳಗಿ ತಾಲೂಕಿನ ಹಿರಿಯರು, ಮುಳುಗಡೆಯ ಕುರಿತು ಬರೆದವರ ಎದುರಿಗೆ ಕೂತಾಗ ಯಾರು ಯಾರಿಗೆ ಕಥೆ ಹೇಳಬೇಕು ಎಂಬುದೇ ಬದಲಾಗುತ್ತದೆ. ಪುಸ್ತಕ ಇಷ್ಟವಾಗದಿದ್ದರೆ ಅದನ್ನೂ ಹೇಳಿ, ಕಾರಣ ಕೊಟ್ಟು, ಗೌರವದಿಂದ. ಒಬ್ಬರೇ ಹತ್ತು ನಿಮಿಷ ಮಾತಾಡುವುದನ್ನು ಮಾತ್ರ ನಡೆಸುವವರು ನಯವಾಗಿ ತಡೆಯಬೇಕು: "ಕಾಕಾ, ನಿಮ್ಮ ಪ್ರಶ್ನಿ ಏನು ಹೇಳ್ರಿ" ಎಂದರೆ ಹಿರಿಯರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮಕ್ಕಳನ್ನು ಮುಂದೆ ಕೂರಿಸಿ. ಅವರ ಮೊದಲ ಪ್ರಶ್ನೆಗೆ ಕಾಯಿರಿ, ದೊಡ್ಡವರು ನಡುವೆ ಬಾಯಿ ಹಾಕಬೇಡಿ.

ಕೊನೆಗೆ ಚಹಾ, ಸಹಿ. ಸಹಿ ಹಾಕಿಸುವಾಗ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಕಾಗುಣಿತ ತಪ್ಪುವುದಿಲ್ಲ. ಫೋಟೋ ತೆಗೆಯುವವರು ಮಾತಿನ ನಡುವೆ ಅಡ್ಡಾಡದೆ ಆಗ ತೆಗೆಯಲಿ.

ಯಾವ ತಿಂಗಳು

ಜೂನ್ ಬಿಡಿ, ಶಾಲೆ ಶುರುವಾಗುವ ಹೊತ್ತಿಗೆ ಅಂಗಡಿಯವರಿಗೆ ನೀರು ಕುಡಿಯಲೂ ಪುರಸೊತ್ತಿರುವುದಿಲ್ಲ. ಜುಲೈ 2 ಫ.ಗು. ಹಳಕಟ್ಟಿಯವರು ಹುಟ್ಟಿದ ದಿನ. ಪಕ್ಕದ ವಿಜಯಪುರದಲ್ಲಿ ಕೂತು, 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿ, ಇದ್ದದ್ದೆಲ್ಲ ಕಳೆದುಕೊಂಡು ವಚನಗಳನ್ನು ಅಚ್ಚು ಮಾಡಿದವರು ಅವರು. ರಬಕವಿ-ಬನಹಟ್ಟಿಯಂಥ ನೇಕಾರರ ಊರಿನಲ್ಲಿ ಆ ದಿನ ನೇಕಾರ ವಚನಕಾರ ಜೇಡರ ದಾಸಿಮಯ್ಯನ ಬಗ್ಗೆ ಬರೆದವರೊಬ್ಬರನ್ನು ಕರೆಯುವುದಕ್ಕಿಂತ ಸಹಜವಾದದ್ದು ಇನ್ನೇನಿದೆ? ಶ್ರಾವಣದಲ್ಲಿ ಮಠಗಳ ಪುರಾಣ, ಪ್ರವಚನ ಸಂಜೆಗೇ ಇರುತ್ತವೆ, ಜನ ಅಲ್ಲಿಗೆ ಹೋಗುತ್ತಾರೆ. ಆ ತಿಂಗಳು ಸುಮ್ಮನಿರುವುದು ಒಳ್ಳೆಯದು, ಇಲ್ಲವೇ ಭಾನುವಾರ ಮುಂಜಾನೆ ಇಟ್ಟುಕೊಳ್ಳಬಹುದು.

ನವೆಂಬರ್ ಎಲ್ಲಕ್ಕಿಂತ ಅನುಕೂಲ. ರಾಜ್ಯೋತ್ಸವದ ತಿಂಗಳೆಂದು ಕನ್ನಡ ಪುಸ್ತಕ ಪ್ರಾಧಿಕಾರ ತನ್ನ ಪ್ರಕಟಣೆಗಳನ್ನು ರಿಯಾಯಿತಿಯಲ್ಲಿ ಕೊಡುತ್ತದೆ. 14ರಿಂದ 20ರ ತನಕ ಗ್ರಂಥಾಲಯ ಸಪ್ತಾಹ ಇರುವುದರಿಂದ ಗ್ರಂಥಾಲಯದವರೂ ಕೈಜೋಡಿಸುತ್ತಾರೆ. ಆದರೆ ಅಷ್ಟರಲ್ಲಿ ಕಬ್ಬಿನ ಹಂಗಾಮು ಶುರುವಾಗಿರುತ್ತದೆ. ಸಂಜೆಯಾದರೆ ಮುಧೋಳ, ಜಮಖಂಡಿ, ಮಹಾಲಿಂಗಪುರದ ರಸ್ತೆಗಳ ತುಂಬ ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳು, ಹಿಂದೆ ದೀಪವಿಲ್ಲದವೂ ಇರುತ್ತವೆ. ಹೊರಗಿನಿಂದ ಬಂದ ಲೇಖಕರನ್ನು ರಾತ್ರಿ ಅದೇ ದಾರಿಯಲ್ಲಿ ಕಳಿಸುವ ಬದಲು ಉಳಿಸಿಕೊಂಡು ಬೆಳಿಗ್ಗೆ ಕಳಿಸಿ. ಜನವರಿ 31 ಬೇಂದ್ರೆಯವರ ಜನ್ಮದಿನ, ಕವಿತೆಯ ಸಂಜೆಗೆ ತಕ್ಕ ದಿನ. ಫೆಬ್ರವರಿ, ಮಾರ್ಚ್ ಪರೀಕ್ಷೆಯ ಕಾಲ. ಏಪ್ರಿಲ್ 23 ವಿಶ್ವ ಪುಸ್ತಕ ದಿನ. ಬಿಸಿಲು ಜೋರು, ಮಾಳಿಗೆಯ ಮೇಲೆ ಆರೂವರೆಯ ಮೇಲೆ ಕೂರಬಹುದು. ವರ್ಷಕ್ಕೆ ನಾಲ್ಕು ನಡೆದರೆ ಧಾರಾಳವಾಯಿತು. ಊರಿಗೊಂದರಂತೆ ಹಂಚಿಕೊಂಡರೆ ಇನ್ನೂ ಹಗುರ. ನಾಲ್ಕೂ ಊರುಗಳ ಓದುಗರು ಒಂದೇ ವಾಟ್ಸ್ಆ್ಯಪ್ ಗುಂಪಿನಲ್ಲಿದ್ದರೆ ಒಬ್ಬ ಲೇಖಕರನ್ನು ಇವತ್ತು ಜಮಖಂಡಿಗೆ, ನಾಳೆ ಬೆಳಿಗ್ಗೆ ಬನಹಟ್ಟಿಗೆ ಕರೆಯಬಹುದು. ಖರ್ಚು ಒಂದೇ, ಊರು ಎರಡು.

ತೀರಿಹೋದವರ ಸಂಜೆ

ಲೇಖಕರು ಸಿಗದ ತಿಂಗಳಲ್ಲಿ ಅಂಗಡಿ ಸುಮ್ಮನಿರಬೇಕಿಲ್ಲ. ನಮ್ಮ ಮಣ್ಣಿನಲ್ಲೇ ಇದ್ದು ಬರೆದು ಹೋದವರು ಎಷ್ಟು ಜನ! ರನ್ನನ ಊರು ಮುಧೋಳ ಎಂಬುದು ಎಲ್ಲರಿಗೂ ಗೊತ್ತು, ಜಿಲ್ಲಾಡಳಿತ ನಡೆಸುವ ರನ್ನ ಉತ್ಸವಕ್ಕೂ ಜನ ಸೇರುತ್ತಾರೆ. ಆದರೆ 'ಗದಾಯುದ್ಧ'ದ ಪ್ರತಿ ಮುಧೋಳದ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗಬೇಕು. ಗದ್ಯಾನುವಾದ ಇರುವ ಆವೃತ್ತಿಗಳು ಇವೆ. ಗಮಕಿಗಳೊಬ್ಬರು ಹಾಡಿ, ಹಳಗನ್ನಡ ಬಲ್ಲ ಮೇಷ್ಟ್ರೊಬ್ಬರು ಬಿಡಿಸಿ ಹೇಳಿದರೆ ದುರ್ಯೋಧನನ ಕೊನೆಯ ದಿನ ಎರಡು ತಾಸಿನಲ್ಲಿ ಕಣ್ಣ ಮುಂದೆ ನಿಲ್ಲುತ್ತದೆ. ಈ ರನ್ನನಿಗೆ ಆಶ್ರಯ ಕೊಟ್ಟು 'ಅಜಿತಪುರಾಣ' ಬರೆಸಿದ ಅತ್ತಿಮಬ್ಬೆ, ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಹತ್ತನೆಯ ಶತಮಾನದಲ್ಲಿ ಸಾವಿರ ಪ್ರತಿ! ಇವತ್ತು ಕನ್ನಡದ ಎಷ್ಟೋ ಒಳ್ಳೆಯ ಪುಸ್ತಕಗಳ ಮೊದಲ ಮುದ್ರಣ ಅಷ್ಟನ್ನು ಮುಟ್ಟುವುದಿಲ್ಲ.

ಬೀಳಗಿಯವರಿಗೆ ಕೃಷ್ಣಮೂರ್ತಿ ಪುರಾಣಿಕರು ಇದ್ದಾರೆ. 1911ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಅವರ ಕಾದಂಬರಿಗಳನ್ನು ಒಂದು ಕಾಲಕ್ಕೆ ಮನೆಮನೆಯ ಹೆಣ್ಣುಮಕ್ಕಳು ಸರದಿಯ ಮೇಲೆ ಓದುತ್ತಿದ್ದರು. ಅವರ 'ಕುಲವಧು' 1963ರಲ್ಲಿ ಸಿನಿಮಾ ಆಯಿತು. ಬಿಸ್ಮಿಲ್ಲಾ ಖಾನರ ಶಹನಾಯಿ ಇರುವ, ರಾಜಕುಮಾರ್ ಅಭಿನಯದ 'ಸನಾದಿ ಅಪ್ಪಣ್ಣ'ಕ್ಕೂ ಕಥೆ ಅವರದೇ. ಚಿತ್ರ ನೋಡಿದವರು ಎಷ್ಟೋ ಜನ, ಕಥೆಗಾರರ ಹೆಸರು ಬಲ್ಲವರು ಕಡಿಮೆ. ಬೀಳಗಿ ತಾಲೂಕಿನ ಗಲಗಲಿಯಲ್ಲಿ ಹುಟ್ಟಿ ಜಮಖಂಡಿ ಹತ್ತಿರದ ಕಲ್ಲಹಳ್ಳಿಯಲ್ಲಿ ಬೇಸಾಯ ಮಾಡುತ್ತ ಬರೆದ ಸತ್ಯಕಾಮರು 1998ರಲ್ಲಿ ತೀರಿಕೊಂಡರು. ಅವರನ್ನು ಕಂಡು ಮಾತಾಡಿಸಿದವರು ಸುತ್ತಲಿನ ಊರುಗಳಲ್ಲಿ ಇನ್ನೂ ಸಿಗುತ್ತಾರೆ. 'ಪಂಚಮಗಳ ನಡುವೆ' ಓದಿ ಬಂದ ಕಿರಿಯರನ್ನೂ ಆ ಹಿರಿಯರನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸಿ. ಬನಹಟ್ಟಿಯಲ್ಲಿ ನೆಲೆಸಿ ಬರೆದ ದು.ನಿಂ. ಬೆಳಗಲಿಯವರ ಕಾದಂಬರಿಗಳಿಗೂ ಇಂಥದೇ ಒಂದು ಸಂಜೆ ಸಲ್ಲಬೇಕು. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಗುರುದೇವ ರಾನಡೆಯವರು ಕನ್ನಡದ ಸಂತಕವಿಗಳ ಮೇಲೆ ಇಂಗ್ಲಿಷಿನಲ್ಲಿ ಬರೆದ ಗ್ರಂಥವನ್ನು ಅವರ ಹುಟ್ಟೂರಿನಲ್ಲೇ ಚರ್ಚಿಸಬೇಕಾದದ್ದು ಸಹಜ. ಈ ಪುಸ್ತಕಗಳಲ್ಲಿ ಕೆಲವು ಅಚ್ಚಿನಲ್ಲಿ ಇರಲಾರವು. ಹಳೆಯ ಪ್ರತಿ ಇರುವ ಮನೆಗಳನ್ನು ಹುಡುಕಿ, ಓದಲು ಎರವಲು ತನ್ನಿ, ಮರುಮುದ್ರಣ ಬೇಕೆಂದು ಹತ್ತು ಜನ ಸಹಿ ಮಾಡಿ ಪ್ರಕಾಶಕರಿಗೆ ಬರೆಯಿರಿ. ಕೊಳ್ಳುವವರ ಪಟ್ಟಿ ಕೈಗೆ ಬಂದರೆ ಪ್ರಕಾಶಕರು ಯೋಚಿಸುತ್ತಾರೆ.

ಈ ಕೆಲಸ ನಿಂತುಹೋಗದಿರಲು ಒಂದು ಹಳೆಯ ಉಪಾಯವೂ ಇದೆ. ಹಿಂದಿನ ಗ್ರಂಥಮಾಲೆಗಳು ವರ್ಷದ ಚಂದಾ ಕಟ್ಟುವ ಓದುಗರ ಬಲದ ಮೇಲೆ ನಡೆದವು. ಅದೇ ರೀತಿ ಇಪ್ಪತ್ತು ಜನ ವರ್ಷಕ್ಕೆ ಸಾವಿರ ರೂಪಾಯಿಯನ್ನು ಅಂಗಡಿಯವರ ಬಳಿ ಇಡಲಿ, ಅದಕ್ಕೆ ತಕ್ಕಷ್ಟು ಪುಸ್ತಕ ಕಾಲಕಾಲಕ್ಕೆ ಒಯ್ಯಲಿ. ಅಂಗಡಿಯವರಿಗೆ ಮುಂಗಡ ಸಿಗುತ್ತದೆ, ಮೇಲಿನ ಹಲಗೆಯ ಪುಸ್ತಕಗಳು ಕಣ್ಣೆತ್ತರದ ಹಲಗೆಗೆ ಇಳಿಯುತ್ತವೆ. ಪ್ರಚಾರಕ್ಕೆ ದುಡ್ಡು ಹಾಕಬೇಡಿ. ಅಂಗಡಿಯ ಬಾಗಿಲಿಗೆ, ಗ್ರಂಥಾಲಯಕ್ಕೆ, ಚಹಾದಂಗಡಿಗೆ ಕೈಬರಹದ ಒಂದೊಂದು ಹಾಳೆ ಅಂಟಿಸಿ: ಪುಸ್ತಕದ ಹೆಸರು, ಲೇಖಕರ ಹೆಸರು, ದಿನ, ಹೊತ್ತು, ಜತೆಗೆ "ಓದಿಕೊಂಡು ಬನ್ನಿ" ಎಂಬ ಒಂದು ಸಾಲು.

ಈ ವಾರ ಪೇಟೆಗೆ ಹೋದಾಗ ನಿಮ್ಮೂರಿನ ಪುಸ್ತಕದಂಗಡಿಗೆ ಹೋಗಿ ಒಂದು ಕಥಾಸಂಕಲನದ ಹೆಸರು ಹೇಳಿ, ಇಲ್ಲ ಎಂದರೆ ತರಿಸಿಕೊಡಲು ಹೇಳಿ ಮುಂಗಡ ಕೊಟ್ಟು ಬನ್ನಿ. ಜತೆಗೆ ಇನ್ನೂ ಮೂವರನ್ನು ಕರೆದುಕೊಂಡು ಹೋಗಿ.